ನೋಡದೆ ಕೂಗಿದ "ಯೋಶಿ"

ಬಾಟಲಿಯ ಮುಚ್ಚಳ ತಿರುಗಿಸಿ ಒಂದು ಗುಟುಕು ಚಹಾ ಕುಡಿಯುವಷ್ಟರಲ್ಲಿ ಕುರೋಯಿವಾನ ಎದೆ ಧಸಕ್ಕೆಂದಿತು. ಊಟಕ್ಕೆ ಮೊದಲು ಹೊಸ ಆರ್ಗಾನ್ ಸಿಲಿಂಡರು ಜೋಡಿಸಿದ್ದನಲ್ಲ, ಅದರ ವಾಲ್ವನ್ನು ಈ ಕೈ ತಿರುಗಿಸಿತ್ತೇ? ನೆನಪಿಗೆ ಬಂದದ್ದು ಬೆರಳು ಮಾತ್ರ. ಒತ್ತಡ ತೋರಿಸುವ ಮುಳ್ಳಿನ ಕಡೆ ಬೆರಳು ಚಾಚಿ "ಯೋಶಿ" ಎಂದು ಕೂಗಿದ್ದ. ನೋಡಿದ್ದೇನೆ, ಸರಿಯಿದೆ ಎಂದು ಅದರ ಅರ್ಥ. ಅವನು ನೋಡಿರಲಿಲ್ಲ.

ಒಳಗೆ, ಯಂತ್ರದ ಕೋಣೆಯಲ್ಲಿ, ಅವನ ಜೊತೆ ಕೆಲಸ ಮಾಡುವ ನತ್ಸುಯೊ ಇದ್ದಳು.

ಜಪಾನಿನ ಸೆಂದಾಯ್‌ನ ಆ ಪ್ರಯೋಗಾಲಯದಲ್ಲಿ ಹಿಂದೆ ಒಂದು ಹೊಸ ಮಿಶ್ರಲೋಹ ಎರಕ ಹೊಯ್ದು ಪರೀಕ್ಷಿಸಲು ವಾರ ಹಿಡಿಯುತ್ತಿತ್ತು. ಈಗ ಲೇಸರ್ ಯಂತ್ರ ಲೋಹದ ಪುಡಿಗಳನ್ನು ಬೇರೆ ಬೇರೆ ಪಾಲಿನಲ್ಲಿ ಕರಗಿಸಿ, ಅಂಗಿಯ ಗುಂಡಿಯಷ್ಟು ಗಾತ್ರದ ನೂರಾರು ಲೋಹಗಳನ್ನು ಒಂದೇ ತಟ್ಟೆಯಲ್ಲಿ ಕೂರಿಸುತ್ತದೆ. ಪಕ್ಕದ ಯಂತ್ರ ಸೂಜಿಯಿಂದ ಚುಚ್ಚಿ, ಗಟ್ಟಿ ಯಾವುದು ಜೊಳ್ಳು ಯಾವುದು ಎಂದು ಸಂಜೆಯೊಳಗೆ ಹೇಳುತ್ತದೆ. ಯಂತ್ರದ ಅವಸರ ಮನುಷ್ಯರಿಗೂ ಅಂಟಿತು. ಮೊದಲು ಕೆಲಸಕ್ಕೆ ನಿಂತ ಇಬ್ಬರೂ ಮುಳ್ಳಿಗೆ ಬೆರಳು ತೋರಿಸಿ ಕೂಗಬೇಕಿತ್ತು. ಒಬ್ಬ ಕೂಗಿದರೆ ಸಾಕೆಂದು ಮೇಲಿನವ ಅಸಾಹಿನಾ ಹೊಸ ನಿಯಮ ಮಾಡಿದ್ದ.

"ಏನಪ್ಪಾ ಕುರೋಯಿವಾ-ಕುನ್, ರೈಲಿಗೆ ಬಾವುಟ ತೋರಿಸ್ತಿದೀಯಾ? ಹೀಗೆ ನಿಂತ್ಕೊಂಡ್ರೆ ಲೋಹ ನಿನ್ನ ಮೊಮ್ಮಕ್ಕಳಿಗೆ ಸಿಗುತ್ತೆ," ಎಂದು ಇವತ್ತೂ ಚುಚ್ಚಿದ್ದ.

ಅವಸರ ಅವನದು, ಸುಡುವ ಚರ್ಮ ಇನ್ನೊಬ್ಬರದು.

ಕುರೋಯಿವಾ ಅನ್ನದುಂಡೆ ಬಿಟ್ಟು ಓಡಿದ. ದಪ್ಪ ಗಾಜಿನಾಚೆ ನತ್ಸುಯೊ, ಮುಖವಾಡ ಹಾಕಿ, ಸದ್ದು ತಡೆಯುವ ಕಿವಿಮುಚ್ಚಿಗೆ ತೊಟ್ಟು, ಲೇಸರ್ ಯಂತ್ರದ ಹೊಗೆ ಸೋಸುವ ಡಬ್ಬಿಯ ಮುಂದೆ ಬಗ್ಗಿದ್ದಳು. ಡಬ್ಬಿಯ ತುಂಬ ಮೆಗ್ನೀಸಿಯಮ್ಮಿನ ನಯವಾದ ಮಸಿ. ಬೆಂಕಿ ಹತ್ತಗೊಡದ ಆರ್ಗಾನ್ ಅನಿಲ ತುಂಬಿದ್ದರೆ ಅದು ಸತ್ತ ಬೂದಿ. ಗಾಳಿ ತಾಕಿದರೆ ಬೆಂಕಿ, ನೀರು ಹೊಯ್ದರೆ ಇನ್ನೂ ದೊಡ್ಡ ಬೆಂಕಿ. ಮುಚ್ಚಳದ ಒಂದು ಕೊಂಡಿ ಆಗಲೇ ಬಿಚ್ಚಿತ್ತು. ಎರಡನೆಯದರ ಮೇಲೆ ಅವಳ ಕೈ. ಮುಳ್ಳು ಸೊನ್ನೆಯಲ್ಲಿತ್ತು.

ಗಾಜು ಬಡಿದರೆ ಬೆಚ್ಚುತ್ತಾಳೆ, ಬೆಚ್ಚಿದರೆ ಮುಚ್ಚಳ ಏಳುತ್ತದೆ. ಈಗ ವಾಲ್ವ್ ತಿರುಗಿಸಿದರೆ ಒತ್ತಡಕ್ಕೆ ಮಸಿಯೇ ಎದ್ದೀತು. ಅವಳ ಕಣ್ಣಿಗೆ ಬೀಳುವಂತೆ ಮೆಲ್ಲಗೆ ಪಕ್ಕಕ್ಕೆ ಸರಿದು, ಬೆನ್ನು ನೆಟ್ಟಗೆ ಮಾಡಿ, ತೋಳು ಪೂರ್ತಿ ಚಾಚಿ, ಮುಳ್ಳಿನ ಕಡೆ ಬೆರಳಿಟ್ಟ.

ನತ್ಸುಯೊ ತಲೆಯೆತ್ತಿದಳು. ಆಮೇಲೆ ಅವಳ ಕೈ ಕೊಂಡಿ ಬಿಟ್ಟಿತು. ಎದುರಿನವ ಬೆರಳು ತೋರಿಸಿದರೆ ತಾನೂ ತೋರಿಸಬೇಕು; ಮೂವತ್ತು ವರ್ಷದ ಅಭ್ಯಾಸ, ಹೊಸ ನಿಯಮ ಅದನ್ನು ಅಳಿಸಿರಲಿಲ್ಲ. ಅವಳ ಬೆರಳು ಎದ್ದಿತು, ಬೆರಳಿನ ಹಿಂದೆ ಕಣ್ಣೂ ಹೋಯಿತು.

ಅವಳು ಕೂಗಲಿಲ್ಲ. ಬಿಚ್ಚಿದ ಕೊಂಡಿಯನ್ನು, ಮಲಗಿದ ಮಗುವಿಗೆ ಹೊದಿಸುವಂತೆ, ಮತ್ತೆ ಹಾಕಿದಳು.

ಹೊರಗೆ ಬಂದು ಮುಖವಾಡ ಕಿತ್ತಾಗ ಅವಳ ತುಟಿ ಬಿಳಿಚಿತ್ತು. "ಕೈ ಇಳಿಸಪ್ಪಾ, ನೋಯುತ್ತೆ."

"ನಾನು ನೋಡ್ದೇನೇ ಕೂಗಿದೆ, ನತ್ಸುಯೊ-ಸಾನ್."

"ಗೊತ್ತಾಯ್ತು."

ಅಷ್ಟರಲ್ಲಿ ಹಿಂದಿನಿಂದ ಅಸಾಹಿನಾ ಬಂದ. "ಇನ್ನೂ ಆಗಿಲ್ವಾ? ಸಂಜೆಗೆ ಮುಂದಿನ ತಟ್ಟೆ ಬೇಕು ನಂಗೆ."

ನತ್ಸುಯೊ ಕೈಗವಸು ಕಳಚಿ ಅವನ ಮುಂದೆ ಹಿಡಿದಳು. "ನೀವೇ ಬಿಚ್ಚಿ, ಅಸಾಹಿನಾ-ಸಾನ್. ಒಬ್ರು ಕೂಗಿದ್ರೆ ಸಾಕಲ್ವಾ. ಇವನು ಆಗ್ಲೇ ಕೂಗಿದಾನೆ."

ಅಸಾಹಿನಾ ಗಾಜಿನಾಚೆ ನೋಡಿದ. ಮುಳ್ಳು ಕಂಡಿತು. ಕೈಗವಸು ಮುಟ್ಟಲಿಲ್ಲ. ತನಗೇ ಗೊತ್ತಿಲ್ಲದಂತೆ ಅವನ ತೋಳು ಮೇಲೆದ್ದು ಬೆರಳು ಮುಳ್ಳಿನ ಕಡೆ ಚಾಚಿತು. "ಯೋಶಿ" ಎನ್ನಲು ಬಾಯಿ ತೆರೆದ, ಮುಳ್ಳು ಸೊನ್ನೆಯಲ್ಲೇ ಇತ್ತು.

ಕುರೋಯಿವಾನ ಕೈ ಇನ್ನೂ ಇಳಿದಿರಲಿಲ್ಲ.