ವೀಬ್ರನ್ ಕಾಲಿಗೆ ಸಾಲದ ಕಾರು

ವೀಬ್ರನ್ ಎರಡು ಮೀಟರಿಗೂ ತುಸು ಹೆಚ್ಚೇ ಎತ್ತರದ ಆಳು. ಅವನ ನಾಡಾದ ಫ್ರೀಸ್‌ಲ್ಯಾಂಡಿನಲ್ಲಿ ಅದನ್ನು ಯಾರೂ ಕತ್ತೆತ್ತಿ ನೋಡುವುದಿಲ್ಲ. ಅಲ್ಲಿನ ಗಂಡಸರು ನಡೆಯಲು ಕಲಿಯುವಾಗಲೇ ಬಾಗಿಲಲ್ಲಿ ತಲೆ ತಗ್ಗಿಸುವುದನ್ನೂ ಕಲಿತಿರುತ್ತಾರೆ. ಆದರೆ ವೀಬ್ರನ್ ತನ್ನ ಎತ್ತರದ ಮೇಲೆ ಇನ್ನೊಂದು ಎತ್ತರ ಹತ್ತಿ ಕೂತವನು. ಹಾರ್ಲಿಂಗನ್ ಸುತ್ತಲಿನ ಕೊಟ್ಟಿಗೆಗಳಿಂದ ಹಾಲು ಒಯ್ಯುವ ಟ್ಯಾಂಕರ್ ಓಡಿಸುತ್ತಿದ್ದ. ಆ ಸೀಟಿನಿಂದ ಅವನಿಗೆ ದಿನವಿಡೀ ಕಾಣುತ್ತಿದ್ದದ್ದು ದನಗಳ ಬೆನ್ನು, ಕಾಲುವೆಯ ನೀರು, ಸೈಕಲ್ ಮೇಲೆ ಹೋಗುವವರ ಬೊಕ್ಕತಲೆ. ನೆಲಕ್ಕೆ ಅಂಟಿಕೊಂಡಂತೆ ಕೂತು, ಗಾಳಿಗೆ ಮುಖ ಕೊಟ್ಟು ಹೋಗುವ ಕಾರೊಂದು ತನಗೆ ಬೇಕು ಎಂದು ಅವನು ಹರೆಯದಿಂದಲೂ ಕನಸು ಕಾಣುತ್ತಿದ್ದ.

ಯಾವ ಕಾರು ಎಂಬುದೂ ಆಗಲೇ ತೀರ್ಮಾನವಾಗಿತ್ತು. ಜಪಾನಿನವರು ತಮ್ಮ ಊರಿನ ಇಕ್ಕಟ್ಟು ಬೀದಿಗಳಿಗೆಂದೇ ಮಾಡಿ, ಹೊರದೇಶಕ್ಕೆ ಒಂದನ್ನೂ ಮಾರದಿದ್ದ, ಎರಡೇ ಸೀಟಿನ, ಮಡಚುವ ಮೇಲ್ಛಾವಣಿಯ ಹಳದಿ ಕಾರು. ಒಂದು ವಸಂತದಲ್ಲಿ ಒಸಾಕಾದ ಹರಾಜಿನಲ್ಲಿ ಅಂಥದ್ದೊಂದು ಕಾಣಿಸಿಕೊಂಡಿತು. ವೀಬ್ರನ್ ಕೊಂಡೇಬಿಟ್ಟ. ಆಮೇಲೆ ಹೆಂಡತಿಗೆ ಫೋಟೋ ತೋರಿಸಿದ.

ಹಿಸ್ಕೆ ಗಿಡ್ಡ ಹೆಂಗಸು. ನಿಂತರೆ ಗಂಡನ ಅಂಗಿಯ ಮೂರನೇ ಗುಂಡಿಗೆ ಬರುತ್ತಿದ್ದಳು. ಕನ್ನಡಕ ಏರಿಸಿ ಫೋಟೋ ನೋಡಿದಳು.

"ಪಕ್ಕದಲ್ಲಿ ನಿಂತಿದಾನಲ್ಲ, ಇವನ ಎದೆಮಟ್ಟಕ್ಕೂ ಬರಲ್ಲ ಈ ಕಾರು. ಇವನೇ ನನ್ನಷ್ಟಿದಾನೆ. ನಿನ್ನ ಕಾಲನ್ನ ಎಲ್ಲಿ ತುರುಕ್ತೀಯೋ ಮಾರಾಯ?"

"ಇಂಜಿನ್ ಹಿಂದುಗಡೆ ಇರೋದು ಕಣೇ. ಮುಂದುಗಡೆ ಜಾಗ ಬೇಕಾದಷ್ಟು."

"ಯಾರಿಗೆ ಬೇಕಾದಷ್ಟು?"

ಕಾರು ಹೊತ್ತ ಹಡಗು ರಾಟರ್‌ಡಾಮಿನ ಬಂದರಿಗೆ ಬಂತು. ಸುಂಕದ ಕೆಲಸ ಸುಸೂತ್ರವಾಗಿ ಮುಗಿಯಿತು. ಆದರೆ ನೋಂದಣಿಯಾಗದ ಕಾರನ್ನು ರಸ್ತೆಗಿಳಿಸುವ ಹಾಗಿಲ್ಲ. ಹಿಸ್ಕೆಯ ತಮ್ಮ ಡುರ್ಕ್ ಕುರಿ ಸಾಕುವವನು. ಅವನ ಕುರಿ ಸಾಗಿಸುವ ಟ್ರೇಲರಿನಲ್ಲಿ ಕಾರು ಸಲೀಸಾಗಿ ಹಿಡಿಸಿತು. ಅಲ್ಲಿಗೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ಅಂಗಳದಲ್ಲಿ ಇಳಿಸಿದ ಕೂಡಲೇ ವೀಬ್ರನ್ ಒಳಗೆ ಕೂರಲು ಹೊರಟ. ಎಡಗಾಲು ಹೋಯಿತು. ಬಲಗಾಲು ಹೋಗಲು ಎಡಗಾಲು ಹೊರಗೆ ಬರಬೇಕಾಯಿತು. ಛಾವಣಿ ತೆಗೆದು, ಮೇಲಿಂದ ಬಾವಿಗೆ ಇಳಿಯುವವನ ಹಾಗೆ ಇಳಿದ. ಕೊನೆಗೂ ಕೂತಾಗ ಮಂಡಿಗಳು ಸ್ಟೀರಿಂಗಿನ ಎರಡೂ ಕಡೆ ಎದ್ದು ನಿಂತವು, ಸ್ಟೀರಿಂಗ್ ಅಲ್ಲಾಡಲಿಲ್ಲ. ಗಾಜಿನ ಚೌಕಟ್ಟು ಸರಿಯಾಗಿ ಕಣ್ಣಿಗೆ ಅಡ್ಡ ಬಂತು. ಬ್ರೇಕ್ ಒತ್ತಿದರೆ ಅದೇ ಪಾದ ಪಕ್ಕದ ಆಕ್ಸಿಲರೇಟರನ್ನೂ ಒತ್ತುತ್ತಿತ್ತು.

ಡುರ್ಕ್ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು ಗಂಭೀರವಾಗಿ ಹೇಳಿದ: "ಭಾವ, ಇದು ಹತ್ತೋ ಕಾರಲ್ಲ. ತೊಟ್ಕೊಳೋ ಕಾರು."

"ನಗಬೇಡ. ಏನಾದ್ರೂ ದಾರಿ ಹೇಳು."

ಡುರ್ಕ್ ದಾರಿ ಹೇಳಿದ, ಹೇಳದಿದ್ದರೇ ಚೆನ್ನಾಗಿತ್ತು. ಸೀಟನ್ನೇ ಬಿಚ್ಚಿ, ತಳದ ತಗಡಿನ ಮೇಲೆ ಮಡಚಿದ ಕುರಿಚರ್ಮ ಹಾಸಿದ. ವೀಬ್ರನ್ ಅದರ ಮೇಲೆ ಕಾಲು ಚಾಚಿ ಕೂತಾಗ ಸ್ಟೀರಿಂಗ್ ತಿರುಗಿತು, ಕಣ್ಣಿಗೆ ಗಾಜೂ ಸಿಕ್ಕಿತು. ಇಬ್ಬರೂ ಕೈ ಕುಲುಕಿಕೊಂಡು, ಕಾರನ್ನು ಮತ್ತೆ ಟ್ರೇಲರಿಗೆ ಹತ್ತಿಸಿ ತಪಾಸಣಾ ಕೇಂದ್ರಕ್ಕೆ ಹೊರಟರು.

ಕೌಂಟರಿನ ಹುಡುಗಿ ಜಪಾನಿನಿಂದ ಬಂದ ಪ್ರಮಾಣಪತ್ರ ತಿರುವಿ ಹುಬ್ಬು ಗಂಟಿಕ್ಕಿದಳು. "ಇದರಲ್ಲಿ ತಯಾರಾದ ವರ್ಷ ನಾಲ್ಕು ಅಂತಿದೆ."

"ಅದು ಅವರ ಚಕ್ರವರ್ತಿ ಪಟ್ಟಕ್ಕೆ ಬಂದ ವರ್ಷದಿಂದ ಎಣಿಸೋದು. ಅಂದ್ರೆ ತೊಂಬತ್ತೆರಡು," ಎಂದ ವೀಬ್ರನ್. ಇದನ್ನು ಹೇಳಲು ಅವನು ವಾರಗಟ್ಟಲೆ ಕಾದಿದ್ದ.

"ಸದ್ಯ. ಯೇಸುವಿನ ಕಾಲದ್ದೇನೋ ಅಂದ್ಕೊಂಡೆ," ಎಂದು ಅವಳು ಮುದ್ರೆ ಒತ್ತಿ ಒಳಗೆ ಕಳಿಸಿದಳು.

ಒಳಗಿದ್ದವರು ದಾಮ್ಸ್ಮಾ ಎಂಬ ತಪಾಸಣಾಧಿಕಾರಿ. ದಪ್ಪ ಮೀಸೆ, ಮೆಲುದನಿ, ಎತ್ತರದಲ್ಲಿ ವೀಬ್ರನ್‌ಗಿಂತ ಒಂದೇ ಬೆರಳು ಕಡಿಮೆ. ಅಚ್ಚು ಹಾಕಿದ ಚಾಸಿ ನಂಬರನ್ನು ಟಾರ್ಚ್ ಹಿಡಿದು ಓದಿದರು, ಸರಿಯಿತ್ತು. ತಳದ ತುಕ್ಕು ನೋಡಿದರು, ಇರಲಿಲ್ಲ. ವೀಬ್ರನ್ ಎದೆ ಉಬ್ಬಿಸಿ ನಿಂತ. ಬ್ರೇಕ್ ಪರೀಕ್ಷೆಯ ರೋಲರುಗಳ ಮೇಲೆ ಕಾರನ್ನು ಒಯ್ಯಲು ಅವರು ಬಾಗಿಲು ತೆಗೆದರು, ಬಗ್ಗಿ ಒಳಗೆ ಟಾರ್ಚ್ ಬಿಟ್ಟರು.

"ಸೀಟೆಲ್ಲಿ?"

"ಅದೇ ಸೀಟು," ಎಂದ ಡುರ್ಕ್. "ಒಳ್ಳೇ ತಳಿ ಕುರಿದು ಸಾರ್, ಮೆತ್ತಗಿದೆ."

ದಾಮ್ಸ್ಮಾ ಒಳಗಿಳಿದರು. ಕೂತರು. ರೋಲರಿನ ಮೇಲೆ ಕಾರನ್ನು ಒಯ್ದು ಪರೀಕ್ಷೆಯನ್ನೂ ಮಾಡಿದರು. ಆಮೇಲೆ ಏಳಲು ನೋಡಿದರು. ಮತ್ತೊಮ್ಮೆ ನೋಡಿದರು.

"ಸ್ವಲ್ಪ ಕೈ ಕೊಡ್ತೀರಾ?" ಎಂದರು, ಅದೇ ಮೆಲುದನಿಯಲ್ಲಿ.

ವೀಬ್ರನ್ ಹಿಂದಿನಿಂದ ಅವರ ಕಂಕುಳಿಗೆ ಕೈ ಹಾಕಿ, ಹಾಲಿನ ಕ್ಯಾನು ಎತ್ತುವಂತೆ ಎತ್ತಿ ನೆಲದ ಮೇಲೆ ನಿಲ್ಲಿಸಿದ. ದಾಮ್ಸ್ಮಾ ಪ್ಯಾಂಟಿಗೆ ಅಂಟಿದ ಉಣ್ಣೆ ಕೊಡವಿಕೊಂಡರು, ಮೀಸೆಯಲ್ಲಿ ಸಿಕ್ಕಿದ್ದ ಹುಲ್ಲಿನ ಎಳೆ ತೆಗೆದರು.

"ಮುಂದಿನ ದೀಪ ಬದಲಾಯಿಸಿ. ಅವರು ರಸ್ತೆಯ ಎಡಗಡೆ ಓಡಿಸೋರು. ಇದರ ಬೆಳಕು ಇಲ್ಲಿ ಎದುರಿಂದ ಬರೋರ ಕಣ್ಣಿಗೇ ಹೊಡೆಯತ್ತೆ. ಕಾರಿನ ಸೀಟನ್ನ ಕಾರಿಗೇ ಹಾಕಿ. ಬ್ರೇಕನ್ನ ಸೀಟಿನ ಮೇಲೆ ಕೂತೇ ಮತ್ತೆ ನೋಡ್ಬೇಕು, ಮತ್ತೆ..." ಮಂಡಿ ನೀವಿಕೊಂಡರು. "ಇದರಲ್ಲಿ ಹಿಡಿಸೋ ಅಂಥ ಒಬ್ಬ ಮನುಷ್ಯನ್ನೂ ಕರ್ಕೊಂಡು ಬನ್ನಿ. ಇದು ನಿಯಮದಲ್ಲಿಲ್ಲ. ನಾನು ಕೇಳ್ಕೋತಾ ಇದೀನಿ ಅಷ್ಟೆ."

ದೀಪ ಜರ್ಮನಿಯಿಂದ ಬಂತು. ಸೀಟು ತನ್ನ ಜಾಗಕ್ಕೆ ಮರಳಿತು. ಮನುಷ್ಯ ಸಿಗಲಿಲ್ಲ. ಡುರ್ಕ್‌ನ ಹೊಟ್ಟೆ ಸ್ಟೀರಿಂಗ್ ದಾಟಲಿಲ್ಲ. ವೀಬ್ರನ್ ಸಂಜೆಯೆಲ್ಲ ಶೆಡ್ಡಿನಲ್ಲಿ ನಿಂತು ಕಾರಿನ ಬಾನೆಟ್ ಒರೆಸುತ್ತಿದ್ದ. ಒಂದು ಶನಿವಾರ ಕಾಫಿಯ ಹೊತ್ತಿಗೆ, "ಮಾರಿಬಿಡ್ತೀನಿ. ಯಾವನಾದ್ರೂ ಕುಳ್ಳ ಸಿಗದೆ ಇರ್ತಾನಾ," ಎಂದ. ಸಕ್ಕರೆ ಹಾಕದ ಕಾಫಿಯನ್ನು ಕಲಕುತ್ತಲೇ ಇದ್ದ.

ಹಿಸ್ಕೆ ಅವನ ಕಪ್ಪಿಗೆ ಸಕ್ಕರೆ ಹಾಕಿದಳು. ಅವಳಿಗೂ ಲೈಸೆನ್ಸ್ ಇತ್ತು. ಆದರೆ ಮದುವೆಯಾದ ಹೊಸತರಲ್ಲಿ ಅಪ್ಪನ ಕಾರನ್ನು ಹಿಂದಕ್ಕೆ ತೆಗೆಯಲು ಹೋಗಿ ಕಾಲುವೆಗೆ ಇಳಿಸಿದ್ದಳು. ಕಾರಿನೊಳಗೆ ಈಜುತ್ತಿದ್ದ ಬಾತುಕೋಳಿಯ ಕತೆಯನ್ನು ಡುರ್ಕ್ ಪ್ರತಿ ಹುಟ್ಟುಹಬ್ಬದಲ್ಲೂ, ಎಲ್ಲರೂ ವೃತ್ತಾಕಾರವಾಗಿ ಕೂತು ಕೇಕು ತಿನ್ನುವಾಗ, ತಪ್ಪದೆ ಹೇಳುತ್ತಿದ್ದ. ವರ್ಷ ವರ್ಷಕ್ಕೂ ಬಾತುಕೋಳಿಗಳು ಹೆಚ್ಚುತ್ತಿದ್ದವು. ಅವಳು ಆಮೇಲೆ ಸ್ಟೀರಿಂಗ್ ಮುಟ್ಟಿರಲಿಲ್ಲ.

ಅಂದು ಮಧ್ಯಾಹ್ನ ಗಂಡ ಮಲಗಿದ್ದಾಗ ಅವಳು ಶೆಡ್ಡಿಗೆ ಹೋಗಿ ಕಾರಿನಲ್ಲಿ ಕೂತು ನೋಡಿದಳು. ಕಾಲು ಪೆಡಲಿಗೆ ಸರಿಯಾಗಿ ಎಟುಕಿತು. ಗಾಜು ಕಣ್ಣಿನ ಮುಂದಿತ್ತು. ಮನೆಯಲ್ಲಿನ ಕುರ್ಚಿ, ಅಡುಗೆಕಟ್ಟೆ, ಕನ್ನಡಿ, ಎಲ್ಲವೂ ವೀಬ್ರನ್ ಅಳತೆಯವು. ಸ್ಟೂಲಿಲ್ಲದೆ, ದಿಂಬಿಲ್ಲದೆ ತನಗೆ ಹೊಂದಿದ ಜಾಗದಲ್ಲಿ ಕೂತು ಎಷ್ಟು ಕಾಲವಾಗಿತ್ತೋ. ಬಹಳ ಹೊತ್ತು ಅಲ್ಲೇ ಕೂತಿದ್ದಳು. ಆಮೇಲೆ ತಮ್ಮನಿಗೆ ಫೋನು ಮಾಡಿದಳು.

"ನಿನ್ನ ಹುಲ್ಲುಗಾವಲಿಂದ ಕುರಿಗಳನ್ನ ಆಚೆ ಹೊಡಿ. ನಾನು ಓಡಿಸೋದು ಕಲೀಬೇಕು."

"ಅಕ್ಕಾ, ಅಲ್ಲಿ ಮೂರು ಕಡೆ ಕಾಲುವೆ ಇದೆ."

"ನಾಲ್ಕನೇ ಕಡೆ ನೀನು ನಿಂತ್ಕೋ."

ಎರಡನೇ ಸಲ ತಪಾಸಣೆಗೆ ಹೋದಾಗ, ಟ್ರೇಲರಿನಿಂದ ಇಳಿಸಿದ ಕಾರಿನ ಸ್ಟೀರಿಂಗ್ ಹಿಂದೆ ಹಿಸ್ಕೆ ಇದ್ದಳು. ದಾಮ್ಸ್ಮಾ ಅವಳನ್ನು ನೋಡಿ ಟೋಪಿ ತೆಗೆದರು. "ಮೇಡಂ, ನಿಮ್ಮನ್ನೇ ಕಾಯ್ತಾ ಇದ್ದೆ."

ದೀಪ ಸರಿಹೋಯಿತು. ಸೀಟು ಸರಿಹೋಯಿತು. ರೋಲರಿನ ಮೇಲೆ ದಾಮ್ಸ್ಮಾ ಹೇಳಿದಾಗ ಹಿಸ್ಕೆ ಬ್ರೇಕ್ ಒತ್ತಿದಳು, ಹೇಳಿದಾಗ ಬಿಟ್ಟಳು. ಸೂಚಕದ ಮುಳ್ಳುಗಳು ಜೋಡಿಯಾಗಿ ಏರಿದವು. ವೀಬ್ರನ್ ಗೋಡೆಗೊರಗಿ ಅವನ್ನೇ ನೋಡುತ್ತಿದ್ದ.

"ಈಗ ಹೊರಗಡೆ ಒಂದು ಸುತ್ತು ಹಾಕಿ ಬನ್ನಿ. ಸ್ಟೀರಿಂಗ್ ನೋಡೋಣ," ಎಂದರು ದಾಮ್ಸ್ಮಾ.

ಅವಳು ಅಂಗಳದಲ್ಲಿ ಒಂದು ಸುತ್ತು ಹಾಕಿದಳು. ಅವರು ಕೈ ಎತ್ತಿದರು. ಅವಳೂ ಕೈ ಬೀಸಿ ಇನ್ನೊಂದು ಸುತ್ತಿಗೆ ಹೊರಟಳು.

"ಸಾಕು ಮೇಡಂ!"

ಮೂರನೇ ಸುತ್ತಿನಲ್ಲಿ ಪುಟ್ಟ ಇಂಜಿನ್ ಜೇನುಗೂಡಿನ ಹಾಗೆ ಗುಂಯ್‌ಗುಟ್ಟುತ್ತಿತ್ತು, ಹಿಸ್ಕೆಯ ಬಿಳಿಗೂದಲು ನಿಂತೇಬಿಟ್ಟಿತ್ತು.

"ಕಿವಿ ಕೇಳ್ಸಲ್ವಾ ಇವರಿಗೆ?" ಎಂದು ದಾಮ್ಸ್ಮಾ ಕೇಳಿದರು.

"ಚೆನ್ನಾಗೇ ಕೇಳ್ಸತ್ತೆ ಸಾರ್," ಎಂದ ವೀಬ್ರನ್. ಅವನಿಗೆ ಒಂದು ಕಡೆ ಹೊಟ್ಟೆಕಿಚ್ಚು. ತನ್ನ ಕನಸನ್ನು ಇನ್ನೊಬ್ಬರು ಓಡಿಸುವುದನ್ನು ಕಣ್ಣಾರೆ ನೋಡುವುದೆಂದರೆ ಸಾಮಾನ್ಯವೇ? ಆದರೆ ಹೆಂಡತಿಯ ಮುಖ ನೋಡಿದಾಗ ಕಿಚ್ಚು ಉರಿಯಲು ಆಗದೆ ಆರಿಹೋಯಿತು. ಡುರ್ಕ್ ಬಾತುಕೋಳಿಯ ಬಗ್ಗೆ ಏನೋ ಹೇಳಲು ಬಾಯಿ ತೆರೆದ. "ಮುಚ್ಚೋ," ಎಂದ ವೀಬ್ರನ್.

ಕಾರು ಪಾಸಾಯಿತು. ಕೆಲವು ದಿನಗಳ ಮೇಲೆ, ಅಲ್ಲಿನ ಎಲ್ಲ ಕಾರುಗಳಿಗೂ ಇರುವಂಥ ಹಳದಿ ನಂಬರ್ ಪ್ಲೇಟು ಬಂತು. ವೀಬ್ರನ್ ತಾನೇ ಮಂಡಿಯೂರಿ ಅದನ್ನು ಹಿಂದೆ ಮುಂದೆ ಬಿಗಿದ. ಭಾನುವಾರ ಚರ್ಚು ಬಿಟ್ಟ ಮೇಲೆ ಇಬ್ಬರೂ ಸಮುದ್ರದ ಒಡ್ಡಿನ ದಾರಿಯಲ್ಲಿ ಹೊರಟರು. ಪಕ್ಕದ ಸೀಟಿನ ಮುಂದೆ ಸ್ಟೀರಿಂಗ್ ಇಲ್ಲದ್ದರಿಂದ ಕಾಲುಗಳನ್ನು ಓರೆಯಾಗಿ ಮಡಚಿ ವೀಬ್ರನ್ ಹೇಗೋ ಹಿಡಿಸಿದ. ತಲೆ ಮಾತ್ರ ಗಾಜಿನಿಂದ ಮೇಲಕ್ಕೆ ಚಾಚಿಕೊಂಡಿತ್ತು. ಅದಕ್ಕೆ ಸ್ಕೇಟಿಂಗಿನ ಉಣ್ಣೆ ಟೋಪಿ, ಈಜಿನ ಕನ್ನಡಕ. ಒಡ್ಡಿನ ಹುಲ್ಲು ಮೊಣಕೈಗೆ ತಾಗುವಷ್ಟು ಹತ್ತಿರ ಹರಿಯುತ್ತಿತ್ತು. ಕುರಿಗಳು ಅವನ ಮುಖವನ್ನು ನೇರ ನೋಡಿದವು. ಅವನು ನಕ್ಕ, ಬಾಯಿಗೆ ನೊಣ ಹೋಯಿತು, ಉಗಿದು ಮತ್ತೆ ನಕ್ಕ.

"ನಿಧಾನ ಕಣೇ!"

"ಏನು?"

"ನಿಧಾನ!"

"ಹ್ಞಾಂ, ಚೆನ್ನಾಗಿದೆ, ಅಲ್ವಾ?" ಎಂದು ಅವಳು ಇನ್ನಷ್ಟು ಒತ್ತಿದಳು.

ಬಂದರಿನ ಕೆಫೆಯ ಮುಂದೆ ನಿಲ್ಲಿಸಿ ಹಿಸ್ಕೆ ಚಂಗನೆ ಇಳಿದಳು. ವೀಬ್ರನ್‌ನ ಎಡಗಾಲು ಜೋಮು ಹಿಡಿದಿತ್ತು, ಬಲಗಾಲು ಎಲ್ಲಿದೆ ಎಂಬುದೇ ಗೊತ್ತಾಗುತ್ತಿರಲಿಲ್ಲ. ಬಾಗಿಲ ಅಂಚು ಹಿಡಿದು ಎರಡು ಸಲ ತಿಣುಕಾಡಿ ಹಾಗೇ ಒರಗಿದ.

"ಏಳಕ್ಕೆ ಆಗ್ತಿಲ್ವಾ?"

"ಇಲ್ಲೇ ಚೆನ್ನಾಗಿದೆ," ಎಂದ ಅವನು, ಈಜಿನ ಕನ್ನಡಕ ಹಣೆಗೇರಿಸಿ.

ಹಿಸ್ಕೆ ಹೊರಗಿನ ಮೇಜಿಗೆ ಕೂತು ಕೈ ಎತ್ತಿದಳು. ಬಂದ ಹುಡುಗಿಗೆ ಹೇಳಿದಳು: "ಎರಡು ಕಾಫಿ, ಎರಡು ಗುಲಾಬಿ ಬಣ್ಣದ ಕೇಕು. ಒಂದು ನನಗೆ. ಇನ್ನೊಂದನ್ನ ಆ ಕಾರಿಗೆ ಕೊಡಮ್ಮ."