ಮಾಸೂಮಾ ಮಾಡಿದ ಲೆಕ್ಕ

ಹೆಣ ಹೊತ್ತ ಜನಾಜಾದ ಕಾಲು ಬಾಗಿಲ ಚೌಕಟ್ಟಿಗೆ ತಾಗಿತು. “ತುಸು ಹಿಂದಕ್ಕ ತಗೋರಿ,” ಎಂದ ಆರೀಫ ಭುಜ ಓರೆಮಾಡಿ ಅಕ್ಕನನ್ನು ಅಂಗಳಕ್ಕಿಳಿಸಿದ. ಒಳಗೆ ಹೆಂಗಸರ ಅಳು ಒಮ್ಮೆಲೇ ಏರಿತು. ದಾಂಡೇಲಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಮಾಸೂಮಾ ನಿನ್ನೆ ಎದೆನೋವು ಎಂದವಳು ಹುಬ್ಬಳ್ಳಿ ಆಸ್ಪತ್ರೆ ಮುಟ್ಟಲಿಲ್ಲ.

ಗೇಟಿನ ಹತ್ತಿರ ‘ಶ್ವಾಸ’ ಎಂಬ ಕಂಪನಿಯ ಮ್ಯಾನೇಜರ್ ಸುಭಾಸ, ಕಾಲೇಜಿನವರ ನಡುವೆ ಕೈಕಟ್ಟಿ ನಿಂತು ಹೇಳುತ್ತಿದ್ದ.

“ಒಳ್ಳೆಯ ಹೆಣ್ಣುಮಗಳು. ಆದರೆ ಲೆಕ್ಕವನ್ನು ಅತಿಯಾಗಿ ಸರಳ ಮಾಡಿಬಿಟ್ಟರು. ಆ ಅಪಘಾತದ ಕೊರಗೇ ಅವರನ್ನು ತಿಂದಿತು.”

ಮಾತು ಆರೀಫನ ಕಿವಿಗೆ ಬಿತ್ತು. ಹೆಗಲ ಮೇಲೆ ಅಕ್ಕ ಇದ್ದಳು. ಹಲ್ಲು ಕಚ್ಚಿ ನಡೆದ.

*

ಹೋದ ವರ್ಷ ಮಾಸೂಮಾ ಆರೀಫನ ಗ್ಯಾರೇಜಿಗೆ ಬಂದು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮಗುವಿನಂತೆ ನಗುತ್ತಿದ್ದಳು. ಕಾರ್ಬನ್ ಡೈಆಕ್ಸೈಡಿನೊಳಗೆ ವಿದ್ಯುತ್ತು ಹಾಯಿಸಿ, ಮಿಂಚಿನಂತೆ ಹೊಳೆಯುವ ಪ್ಲಾಸ್ಮಾ ಮಾಡಿ, ಅದನ್ನು ಒಡೆದು ಇಂಧನಕ್ಕೆ ಬರುವ ಅನಿಲ ಮಾಡುವ ಸಣ್ಣ ರಿಯಾಕ್ಟರನ್ನು ಕಂಪನಿ ತೇರಗಾಂವದ ಹತ್ತಿರ ಹಾಕಿತ್ತು. ಒಳಗೆ ಏನೇನಾಗುತ್ತದೆಂಬ ಲೆಕ್ಕ ಮಾಸೂಮಾಳದು.

“ಅದರೊಳಗ ಸಾವಿರಾರು ಕ್ರಿಯೆ ನಡೀತಾವ ಆರೀಫ. ಎಲ್ಲಾ ಹಿಡದರ ಕಂಪ್ಯೂಟರ್ ವಾರಗಟ್ಟಲೆ ಒದ್ದಾಡತೈತಿ. ಯಾವುದನ್ನ ಬಿಟ್ಟರೂ ಉತ್ತರ ಬದಲಾಗೂದಿಲ್ಲೋ, ಅವನ್ನ ತಗದುಬಿಟ್ಟೆ. ಈಗ ಚಹಾ ಕುಡಿಯೂದರಾಗ ಉತ್ತರ ಬರತೈತಿ.”

“ಬಿಟ್ಟದ್ದು ಮುಂದ ಬೇಕಾದ್ರ, ಆಪಾ?”

ನಗು ನಿಂತಿತು. “ಶುದ್ಧ ಅನಿಲಕ್ಕ ಬೇಕಾಗೂದಿಲ್ಲ. ಬಾಯ್ಲರಿನ ಹೊಗಿ ಬಿಟ್ಟರ ಅದರಾಗ ನೈಟ್ರೋಜನ್ ಇರತೈತಿ. ಆಗ ಬ್ಯಾರೇನೇ ಲೆಕ್ಕ ಆಗಬೇಕು. ಅದನ್ನ ಅವರಿಗೆ ಹೇಳಿ ಹೇಳಿ ಸಾಕಾಗೇತಿ.”

ಬಂಡವಾಳ ಹಾಕುವವರಿಗೆ ತೋರಿಸುವ ಆತುರದಲ್ಲಿ ಕಂಪನಿ ಬಾಯ್ಲರಿನ ಹೊಗೆಯನ್ನೇ ರಿಯಾಕ್ಟರಿಗೆ ತಿರುಗಿಸಿತು. ಹೊಗೆಯ ನೈಟ್ರೋಜನ್ನಿನಿಂದ ಹುಟ್ಟಿದ, ಲೆಕ್ಕದಲ್ಲಿರದ ಕಂದು ಅನಿಲ ಉಕ್ಕಿ ಸೋರಿ, ಯಂತ್ರ ನಡೆಸುತ್ತಿದ್ದ ಬಾಳೇಶನ ಎದೆ ಸುಟ್ಟಿತು. ಮಾಸೂಮಾಳ ಲೆಕ್ಕ ತಪ್ಪಿತ್ತು ಎಂದು ಕಂಪನಿ ಪತ್ರಿಕೆಗೆ ಹೇಳಿತು. ಕಾಲೇಜು ಆಕೆಯನ್ನು ರಜೆಯ ಮೇಲೆ ಮನೆಗೆ ಕಳಿಸಿತು. ಆಮೇಲೆ ಆಕೆ ಸಂತೆಗೂ ಹೋಗಲಿಲ್ಲ.

*

ಗೋರಿಗೆ ಮಣ್ಣು ಹಾಕಿ ಆರೀಫ ಕಬರಸ್ತಾನದ ಗೇಟಿಗೆ ಬಂದಾಗ ಸುಭಾಸ ಕೈ ಚಾಚಿದ.

“ಮೇಡಂ ಅವರ ತಪ್ಪನ್ನು ಕಂಪನಿ ಮರೆತಿದೆ.”

ಆರೀಫ ಆ ಕೈಯನ್ನು ನೋಡಿದ, ಹಿಡಿಯಲಿಲ್ಲ. “ಯಾರ ತಪ್ಪುರೀ?”

“ಇದು ಆ ಮಾತಿಗೆ ಜಾಗವಲ್ಲ.”

“ಆಕಿ ಹೆಣದ ಮುಂದ ಆಡಾಕ ನಿಮಗ ಜಾಗ ಸಿಕ್ಕಿತ್ತಲ್ಲ.”

ಗುಂಪಿನ ಹಿಂದಿನಿಂದ ಬಾಳೇಶ ಮುಂದೆ ಬಂದ. ಒಂದೊಂದು ಮಾತಿಗೂ ಉಸಿರು ಹುಡುಕುತ್ತಿದ್ದ.

“ಮೇಡಮ್ಮಾರು ಅವತ್ತ ಮುಂಜಾನಿ ಫೋನ್ ಮಾಡಿದ್ರು. ಹೊಗಿ ಬಿಡಬ್ಯಾಡ್ರಿ ಅಂದ್ರು. ನಾ ಈ ಸಾಹೇಬ್ರಿಗೆ ಹೇಳಿದೆ. ಹೆಂಗಸು ಅಂಜತಾಳ, ನೀ ವಾಲ್ವ್ ತೆರಿ ಅಂದ್ರು.”

“ಅಪಘಾತದ ವಿಚಾರಣೆಯಲ್ಲಿ ಇದನ್ನು ಹೇಳಲಿಲ್ಲವಲ್ಲ ನೀನು?” ಎಂದ ಸುಭಾಸ.

“ಕರದಿದ್ರ ಹೇಳತಿದ್ದೆ.”

ಆಕೆಯನ್ನು ರಜೆಯ ಮೇಲೆ ಕಳಿಸಿದ ಪ್ರಿನ್ಸಿಪಾಲ ಅಡಿವೆಯ್ಯ ಕನ್ನಡಕ ತೆಗೆದು ಒರೆಸಿದರು. “ಬಾಳೇಶ, ನಾಳೆ ಇದನ್ನ ಬರದು ಕೊಡತೀಯಾ?”

“ನಾಳೆ ಯಾರಿಗೆ ಕೊಡತೀರಿ ಸರ್?” ಎಂದ ಆರೀಫ. ದನಿ ಏರಲಿಲ್ಲ. “ಇಷ್ಟು ದಿನ ಆಕಿ ಮನ್ಯಾಗೇ ಇದ್ದಳು. ಹೋಗಿ ಒಂದ್ಸಲ ಕೇಳಬೇಕಿತ್ತು ನೀವು.”

ಅಡಿವೆಯ್ಯನವರು ಕನ್ನಡಕವನ್ನು ಮತ್ತೆ ಹಾಕಿಕೊಳ್ಳಲಿಲ್ಲ. ಸುಭಾಸ ಕಾರು ಹತ್ತಿದ.

ಕೆಮ್ಮು ಬಂದು ಬಾಳೇಶ ರಸ್ತೆಯ ಅಂಚಿನಲ್ಲೇ ಕುಸಿದು ಕೂತ. ಗಾಜು ಏರಿಸಿದ ಕಾರು ಇಬ್ಬರನ್ನೂ ದಾಟಿ ಹೋಯಿತು. ಆರೀಫ ಪಕ್ಕದಲ್ಲಿ ಮಂಡಿಯೂರಿ, ಕೈ ತೊಳೆಯುವುದನ್ನೂ ಮರೆತು ಅವನ ಬೆನ್ನು ನೀವತೊಡಗಿದ. ಬಾಳೇಶನ ಬಿಳಿ ಅಂಗಿಯ ಮೇಲೆ ಗೋರಿಯ ಹಸಿ ಕೆಂಪು ಮಣ್ಣಿನ ಬೆರಳ ಗುರುತುಗಳು ಒಂದೊಂದಾಗಿ ಮೂಡಿದವು.