ನಲವತ್ತೆಂಟು ಹಲ್ಲಿನ ಗೇರು

"ಸಾಬ್ರೇ, ಅನ್ನೆರಡು ಗೇರ್‌ಬಾಕ್ಸೂ ವಾಪಸ್ ಬಂದವೆ! ಒಂದನ್ನೂ ಮಡಿಕ್ಕೊಂಡಿಲ್ಲ!"

ಫಿಟ್ಟರ್ ಪಿಳ್ಳಪ್ಪ ಗೇಟಿನಿಂದಲೇ ಕೂಗಿಕೊಂಡು ಬಂದ.

"ತಮಾಷೆ ಬೇಡ ಕಣೋ. ಅಷ್ಟೂ ನಾನೇ ಕಿವಿ ಇಟ್ಟು ಕೇಳಿ ಪಾಸ್ ಮಾಡಿರೋದು," ಎಂದ ತಾಜುದ್ದೀನ್.

"ರಾಜಾನುಕುಂಟೆ ಮಿಲ್ಲಲ್ಲಿ ಎಣ್ಮಕ್ಳು ಕಿವಿಗೆ ಅತ್ತಿ ತುರುಕ್ಕೊಂಡು ನೂಲು ಸುತ್ತಾವ್ರಂತೆ. ಕುಯ್ಯೋ ಅಂತವಂತೆ ಎಲ್ಲಾ."

ಐವತ್ತೊಂಬತ್ತನೇ ಇಸವಿಯಲ್ಲಿ ಯಶವಂತಪುರದ ಈ ವರ್ಕ್‌ಶಾಪಿಗೆ ಸೇರಿದವನು ತಾಜುದ್ದೀನ್. ಇಪ್ಪತ್ತೆರಡು ವರ್ಷದಿಂದ ಇಲ್ಲಿ ಅವನ ಕಿವಿಯೇ ಮೀಟರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಗೇರ್‌ಬಾಕ್ಸಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಅವನು ತಲೆಯಾಡಿಸಿದರೆ ಮುಗಿಯಿತು, ಮಾಲು ಲಾರಿ ಹತ್ತುತ್ತಿತ್ತು. ಹಳೇ ಗೇರಿಗೆ ಇಪ್ಪತ್ನಾಲ್ಕು ದಪ್ಪ ಹಲ್ಲು, ಸದಾ ಗುರಗುಟ್ಟುತ್ತಿತ್ತು. ಸಣ್ಣ ಹಲ್ಲು ಮಾಡಿ ನಲವತ್ತೆಂಟು ಕೊರೆಯೋಣ ಎಂದವನೂ ಅವನೇ. ಹೊಸದನ್ನು ಓಡಿಸಿದ ದಿನ ಆ ಗುರ್ ಸದ್ದು ಮಾಯ. ಖಾಲಿ ಮಸೀದಿಯಲ್ಲಿ ನಿಂತ ಹಾಗಿತ್ತು.

ಈಗ ವಾಪಸ್ ಬಂದ ಆ ಹೊಸ ಗೇರಿನ ಹನ್ನೆರಡರಲ್ಲಿ ಒಂದನ್ನು ಸ್ಟ್ಯಾಂಡಿಗೆ ಬಿಗಿದು ಓಡಿಸಿದರು. ಪಿಳ್ಳಪ್ಪ ಮುಖ ಕಿವುಚಿ ಕಿವಿ ಮುಚ್ಚಿಕೊಂಡ. ತಾಜುದ್ದೀನ್ ಸ್ಕ್ರೂಡ್ರೈವರ್ ಒತ್ತಿದ. ಮೋಟರಿನ ಗುಂಯ್ ಕೇಳಿಸಿತು. ಅದರಾಚೆ ಏನೂ ಇಲ್ಲ.

"ನಿಂಗೆ ಕೇಳ್ತಾ ಇದೆಯಾ?"

"ಅವತ್ತೇ ಕೇಳ್ತು ಸಾಬ್ರೇ. ನೀವು ತಲೆ ಆಡುಸ್ಬಿಟ್ರಲ್ಲ, ನನ್ ಕಿವೀದೇ ತೆಪ್ಪು ಅಂದ್ಕಂಡು ಸುಮ್ಕಾದೆ."

ಹಲ್ಲು ಎರಡರಷ್ಟಾದರೆ ಹಲ್ಲಿಗೆ ಹಲ್ಲು ಬಡಿಯುವ ಏಟೂ ಎರಡರಷ್ಟು. ಸದ್ದು ಸತ್ತಿರಲಿಲ್ಲ, ಸಣ್ಣಗಾಗಿ ಮೇಲೇರಿತ್ತು, ಅವನ ಕಿವಿ ತಲುಪದ ಎತ್ತರಕ್ಕೆ. ಕುಕ್ಕರ್ ಕೂಗಿದ್ದೂ ಗೊತ್ತಾಗಲ್ವಾ ಎಂದು ಹೆಂಡತಿ ಅಕ್ಬರಿ ರೇಗುವುದಕ್ಕೆ ಶುರುಮಾಡಿ ಎಷ್ಟು ವರ್ಷವಾಯಿತು? ಅವನಿಗೆ ಓದು ಬಾರದು, ಅಳತೆಯ ಚೀಟಿಯೂ ತಿಳಿಯದು. ಇದ್ದದ್ದು ಕಿವಿಯೊಂದೇ. ಅವನು ಮೋಟರ್ ಆರಿಸಿ ಅಲ್ಲೇ ಕಬ್ಬಿಣದ ಪೆಟ್ಟಿಗೆಯ ಮೇಲೆ ಕುಳಿತ.

"ಯಾರ್ಗೂ ಏಳಾಕಿಲ್ಲ ಬುಡಿ," ಎಂದ ಪಿಳ್ಳಪ್ಪ, ಮೆಲ್ಲಗೆ. ಅದೂ ಅವನಿಗೆ ತುಟಿ ನೋಡಿಯೇ ತಿಳಿಯಿತು.

ಅಷ್ಟರಲ್ಲಿ ಯಜಮಾನ ವೀರಬಸಪ್ಪ ಆಫೀಸಿನಿಂದ ಹೊರಬಂದರು.

"ತಾಜು, ಮಿಲ್ಲಿನವ್ರು ಬರ್ತಾರಂತೆ. ನಮ್ ಮೇಸ್ತ್ರಿ ಕಿವಿ ಸುಳ್ಳು ಹೇಳಲ್ಲ ಅಂತ ಮಾತು ಕೊಟ್ಟಿದೀನಿ ಕಣಪ್ಪ. ಅವ್ರ ಎದುರಿಗೇ ಒಂದೊಂದಾಗಿ ಕೇಳು. ಯಾವ್ದು ಕೂಗುತ್ತೆ, ಯಾವ್ದು ಇಲ್ಲ, ನೀನೇ ಹೇಳ್ಬಿಡು."

ತಾಜುದ್ದೀನ್ ಪೆಟ್ಟಿಗೆಯಿಂದ ಎದ್ದ.

"ಯಾವಾಗ ಸಾರ್?"

"ನಾಳೆ ಬೆಳಿಗ್ಗೆ ಹತ್ತಕ್ಕೆ. ಬೇಗ ಬಾ."

"ಬರ್ತೀನಿ ಸಾರ್," ಎಂದ ತಾಜುದ್ದೀನ್.